ಮೂವತ್ತೆಂಟನೆಯ ಸಾಲಿನ ಕಾರಣ

ನಮ್ಮೂರಿನಲ್ಲಿ ಕಾರಣ ಹೇಳದಿದ್ದರೆ ಯಂತ್ರಗಳು ಓಡುವುದಿಲ್ಲ. ಮಿಕ್ಸಿಯಾಗಲಿ, ಹೊಲಿಗೆ ಮೆಷಿನ್ನಾಗಲಿ, ನೀರೆತ್ತುವ ಮೋಟಾರಾಗಲಿ, ಅದರ ಮುಂದೆ ನಿಂತು ಯಾಕೆ ಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಕಾರಣ ಘನವಾದದ್ದೇ ಆಗಬೇಕೆಂದಿಲ್ಲ, ನಿಜವಾಗಿದ್ದರೆ ಸಾಕು. ಪಕ್ಕದ ಮನೆಯ ಗಿರಿಜಾಂಬ ಒಂದು ಬೆಳಿಗ್ಗೆ ಮಿಕ್ಸಿಗೆ "ಚಟ್ನಿಗೆ, ಚಟ್ನಿಗೆ" ಅಂತ ಹತ್ತು ಸಲ ಹೇಳಿ ಸೋತು, ಕೊನೆಗೆ "ನಮ್ಮತ್ತೆ ಮಾತು ಕಿವಿಗೆ ಬೀಳದೆ ಇರಲಿ ಅಂತ!" ಎಂದು ಕೂಗಿದ್ದು, ಮಿಕ್ಸಿ ಗರ್ರನೆ ತಿರುಗಿದ್ದು, ಅತ್ತೆ ಬಾಗಿಲಲ್ಲೇ ನಿಂತಿದ್ದದ್ದು ಬೀದಿಗೆಲ್ಲ ಗೊತ್ತು. ಆ ಅತ್ತೆ ಸೊಸೆ ಈಗ ಚೆನ್ನಾಗಿಯೇ ಇದ್ದಾರೆ. ನಮ್ಮೂರಲ್ಲಿ ಮುನಿಸು ಹೆಚ್ಚು ದಿನ ಬಾಳುವುದಿಲ್ಲ, ಎಲ್ಲರ ಕಾರಣವೂ ಎಲ್ಲರಿಗೂ ಗೊತ್ತಿರುತ್ತದೆ.

ನಾನು ಊರಿನ ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು, ಹೆಸರು ಕಾತ್ಯಾಯಿನಿ. ಊರಿಗಿರುವುದು ಅದೊಂದೇ ಕಂಪ್ಯೂಟರ್. ಹೊರಗಿನವರು ಬರೆದ ಪ್ರೋಗ್ರಾಮುಗಳು ಅದರಲ್ಲಿ ಓಡುವುದಿಲ್ಲ, ಏಕೆಂದರೆ ಅದಕ್ಕೆ ಪ್ರತಿ ಸಾಲಿನ ಮಗ್ಗುಲಲ್ಲೂ ಕಾರಣ ಬರೆದಿರಬೇಕು. ಸಾಲಿನ ಕೊನೆಗೆ ಹ್ಯಾಶ್ ಗುರುತು ಹಾಕಿ, ಅದರ ಮುಂದೆ ಟಿಪ್ಪಣಿ. ಬೇರೆ ಊರಿನಲ್ಲಿ ಟಿಪ್ಪಣಿ ಬರೆಯುವುದು ಮುಂದೆ ಓದುವವರಿಗೆ ತಿಳಿಯಲಿ ಅಂತ, ಕಂಪ್ಯೂಟರ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲವಂತೆ. ನಮ್ಮದು ಮೊದಲು ಓದುವುದೇ ಅದನ್ನು.

ಊರವರ ಮೇಲ್‌ಗಳೆಲ್ಲ ನನ್ನ ಕೈಯಿಂದಲೇ ಹೋಗಬೇಕು, ನನ್ನ ಕೈಗೇ ಬರಬೇಕು. ಹನ್ನೊಂದು ವರ್ಷದಲ್ಲಿ ಒಂದು ಅರ್ಜಿಯೂ ತಪ್ಪಿದ್ದಿಲ್ಲ. "ಕಾತ್ಯಾಯಿನಿ ಕೈಗೆ ಕೊಟ್ಟಾಯ್ತಾ? ಹಾಗಾದ್ರೆ ಕೆಲಸ ಆಯ್ತು ಬಿಡು" ಎಂದು ಜನ ಹೇಳುವುದು ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ಆ ಮಾತು ನನಗೆ ಬಹಳ ಇಷ್ಟವಾಗಿತ್ತು.

ಎರಡು ವರ್ಷಕ್ಕೊಮ್ಮೆ ನಮ್ಮೂರಿಗೆ ಕಣ್ಣಿನ ಬಸ್ಸು ಬರುತ್ತದೆ. ದೂರದ ಒಂದು ಆಸ್ಪತ್ರೆಯವರದು. ಬಸ್ಸಿನೊಳಗೇ ಮೇಜು, ದೀಪ, ಡಾಕ್ಟರು ಎಲ್ಲ ಇದ್ದು ಪೊರೆ ತೆಗೆದು ಹೋಗುತ್ತಾರೆ. ಈ ಸಲ ನಲವತ್ತೊಂದು ಜನ ಹೆಸರು ಕೊಟ್ಟಿದ್ದರು. ಒಂದು ಮಂಗಳವಾರ ಆ ಆಸ್ಪತ್ರೆಯಿಂದ ಅಂಚೆಯಲ್ಲಿ ಕಾಗದ ಬಂತು. ಸಂಘದ ಕಾರ್ಯದರ್ಶಿ ಹಾಲಪ್ಪನವರು ಅದನ್ನು ಗಟ್ಟಿಯಾಗಿ ಓದಿದರು: 'ನಮ್ಮ ಮೇಲ್‌ಗೆ ನಿಮ್ಮಿಂದ ಉತ್ತರವಿಲ್ಲ. ಶುಕ್ರವಾರ ಸಂಜೆ ನಾಲ್ಕರೊಳಗೆ ರೋಗಿಗಳ ಪಟ್ಟಿ, ಸಕ್ಕರೆ ಮತ್ತು ಬಿಪಿಯ ವಿವರ ಮೇಲ್ ಮೂಲಕ ತಲುಪದಿದ್ದರೆ ಬಸ್ಸನ್ನು ಬೇರೆ ಕಡೆಗೆ ಕಳಿಸಲಾಗುವುದು.'

ಹಾಲಪ್ಪನವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಏನಮ್ಮಾ ಇದು? ನಾವು ಪಟ್ಟಿ ಕಳಿಸಿ ಹತ್ತು ದಿನ ಆಯ್ತಲ್ಲ?"

"ಕಳಿಸಿದ್ದೆ ಸಾರ್. ಮೂರು ಸಲಾನೂ ವಾಪಸ್ ಬಂದಿದೆ. ತಗೊಳ್ಳೋರಿಲ್ಲ ಅಂತ."

"ಹಾಗಾದ್ರೆ ಅವರ ಕಡೇನೇ ಏನೋ ತೊಂದರೆ ಇರಬೇಕು."

ನಾನು ಹೌದೆಂದು ತಲೆ ಆಡಿಸಿದೆ. ತಲೆಯೇನು ಯಂತ್ರವಲ್ಲವಲ್ಲ, ಕಾರಣ ಕೇಳದೆ ಆಡಿತು.

ತೊಂದರೆ ಎಲ್ಲಿದೆ ಎಂದು ನನಗೆ ಆ ಕ್ಷಣವೇ ಹೊಳೆದಿತ್ತು. ಎರಡು ತಿಂಗಳ ಹಿಂದೆ ಆಸ್ಪತ್ರೆಯಿಂದ ಒಂದು ಮೇಲ್ ಬಂದಿತ್ತು. 'ನಮ್ಮ ಮೇಲ್ ಸರ್ವರ್ ಬದಲಾಗಿದೆ, ಹಳೆಯದನ್ನೇ ಬರೆದಿಟ್ಟುಕೊಂಡವರು ದಯವಿಟ್ಟು' ಎಂದು ಶುರುವಾಗಿತ್ತು. ಅಲ್ಲಿಂದ ಮುಂದೆ ನಾನು ಓದಲಿಲ್ಲ. ಆವತ್ತು ಮನೆಯಲ್ಲಿ ಉಪ್ಪಿನಕಾಯಿಗೆ ಹೆಚ್ಚಿಟ್ಟ ಮಾವಿನಕಾಯಿ ಕಾಯುತ್ತಿತ್ತು. ಜಾಹೀರಾತುಗಳ ಜೊತೆ ಅದನ್ನೂ ಸೇರಿಸಿ ಅಳಿಸಿಬಿಟ್ಟೆ. ಅಳಿಸುವುದಕ್ಕೂ ಕಾರಣ ಬರೆಯಬೇಕಲ್ಲ, 'ಬೇಗ ಮನೆಗೆ ಹೋಗಬೇಕು' ಎಂದು ಬರೆದೆ. ನಿಜವೇ ಆಗಿತ್ತು, ಅಳಿಯಿತು.

ನಮ್ಮ ಯಂತ್ರದೊಳಗೆ ಆಸ್ಪತ್ರೆಯ ಹಳೆಯ ಸರ್ವರಿನ ಹೆಸರು ಕಲ್ಲಿನಲ್ಲಿ ಕೆತ್ತಿದ ಹಾಗೆ ಕೂತಿತ್ತು. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಪಂಕಜವಲ್ಲಿಯವರು ಬರೆದಿಟ್ಟದ್ದು. ಮಗ್ಗುಲಲ್ಲಿ ಅವರ ಟಿಪ್ಪಣಿ: 'ಇದು ಯಾವತ್ತೂ ಬದಲಾಗುವುದಿಲ್ಲ ಎಂದು ನಂಬಿದ್ದೇನೆ.' ಅವರು ಹಾಗೆ ನಂಬಿದ್ದು ನಿಜ, ಹಾಗಾಗಿ ಅಷ್ಟು ವರ್ಷ ಓಡಿತ್ತು. ಈಗ ಹೊಸ ಸರ್ವರ್ ಯಾವುದೆಂದು ಹುಡುಕಬೇಕು. ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ರೆಕಾರ್ಡು ಮಾಡಿದ ದನಿಯೊಂದು 'ವಿವರಗಳನ್ನು ಮೇಲ್ ಮೂಲಕವೇ ಕಳುಹಿಸಿ' ಎಂದು ಹೇಳಿ ಇಟ್ಟುಬಿಡುತ್ತಿತ್ತು. ಅಂಚೆಗೆ ಹಾಕಿದರೆ ತಲುಪಲು ಐದು ದಿನ.

ದಾರಿ ಇಲ್ಲದೇ ಇರಲಿಲ್ಲ. ಯಾವ ಹೆಸರಿಗೆ ಬಂದ ಮೇಲ್ ಅನ್ನು ಯಾವ ಸರ್ವರ್ ತೆಗೆದುಕೊಳ್ಳುತ್ತದೆ ಎಂಬುದಕ್ಕೆ ಲೋಕಕ್ಕೆಲ್ಲ ಒಂದು ದಾಖಲೆ ಇದೆ. ಸರಿಯಾಗಿ ಕೇಳಿದರೆ ಅದು ಹೇಳುತ್ತದೆ. ಕೇಳುವುದಕ್ಕೆ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮು, ಬೇಕು. ದಪ್ಪ ಪುಸ್ತಕ ಮುಂದಿಟ್ಟುಕೊಂಡು ಬುಧವಾರವಿಡೀ ಕೂತು ಐವತ್ತೆರಡು ಸಾಲು ಬರೆದೆ. ಪ್ರತಿ ಸಾಲಿಗೂ ಟಿಪ್ಪಣಿ ಹಾಕಿದೆ: 'ಇಲ್ಲಿ ವಿಳಾಸ ತೆಗೆದುಕೊಳ್ಳುತ್ತೇನೆ', 'ಇಲ್ಲಿ ಎರಡು ಭಾಗ ಮಾಡುತ್ತೇನೆ'. ಓಡಿಸಿದೆ. ಮೊದಲನೆಯ ಸಾಲಿನಲ್ಲೇ ನಿಂತಿತು.

ಗುರುವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೆ ಜಗಲಿಯ ಮೇಲೆ ಇಂದುಮತಿ ಟೀಚರ್ ಮತ್ತು ಮಹಬೂಬ್ ಸಾಬರು ಕೂತಿದ್ದರು. ಟೀಚರಿಗೆ ಎಪ್ಪತ್ನಾಲ್ಕು. ಆರನೇ ಕ್ಲಾಸಿನಲ್ಲಿ ನನಗೆ ಕನ್ನಡ ಕಲಿಸಿದವರು. ಎರಡು ಕಣ್ಣಿಗೂ ಪೊರೆ ಬಂದು, ಎದುರಿಗಿದ್ದವರನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದರು. ಸಾಬರದು ಗಡಿಯಾರ ರಿಪೇರಿ ಅಂಗಡಿ. ಒಂದು ವರ್ಷದಿಂದ ಅವರಿಗೆ ಮುಳ್ಳು ಯಾವುದು, ಅದರ ನೆರಳು ಯಾವುದು ಅಂತ ತಿಳಿಯುತ್ತಿರಲಿಲ್ಲ. ಬಸ್ಸಿನ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

"ಎಲ್ಲಿಗೆ ಬಂತೇ ನಿನ್ನ ಕೆಲಸ?" ಟೀಚರ್ ಕೇಳಿದರು.

"ಬರೆದಾಗಿದೆ ಟೀಚರ್. ಓಡ್ತಿಲ್ಲ."

"ಓದು, ಕೇಳೋಣ."

ಒಳಗೆ ಕೂರಿಸಿ ಓದಿದೆ. ಐದಾರು ಟಿಪ್ಪಣಿ ಕೇಳುವಷ್ಟರಲ್ಲಿ ಟೀಚರ್ ಕೈ ಎತ್ತಿದರು. "ಸಾಕು. ಏನು ಮಾಡ್ತೀನಿ ಅಂತ ಬರೆದಿದೀಯ. ಅದು ಸಾಲಿನಲ್ಲೇ ಇದೆಯಲ್ಲೇ, ಇನ್ನೊಂದು ಸಲ ಯಾಕೆ? ಯಾಕೆ ಮಾಡ್ತೀನಿ ಅಂತ ಬರಿ. ಪ್ರಬಂಧದಲ್ಲೂ ನೀನು ಹೀಗೇ ಮಾಡ್ತಿದ್ದೆ."

ಅಲ್ಲಿಂದ ಮೂವರೂ ಸೇರಿ ಕೂತೆವು. ವಿಳಾಸದ ಕೊನೆಯ ಖಾಲಿ ಜಾಗ ತೆಗೆಯುವ ಸಾಲಿಗೆ ನಾನು 'ಟೈಪ್ ಮಾಡಿ ಮುಗಿಸಿದ ಮೇಲೆ ಸ್ಪೇಸ್ ಒತ್ತುವುದು ನನ್ನ ಕೆಟ್ಟ ಅಭ್ಯಾಸ, ಅದಕ್ಕೆ' ಎಂದು ಬರೆದೆ. ವಿಳಾಸವನ್ನು ಅಟ್ (@) ಗುರುತಿನ ಹತ್ತಿರ ಎರಡು ತುಂಡು ಮಾಡಿ ಮುಂದಿನದನ್ನಷ್ಟೇ ಇಟ್ಟುಕೊಳ್ಳುವ ಸಾಲು ಬಂತು. ಹಿಂದಿನದು ಆಳಿನ ಹೆಸರು, ಮುಂದಿನದು ಆಸ್ಪತ್ರೆಯ ಹೆಸರು ಎಂದು ವಿವರಿಸಿದೆ. ಟೀಚರ್ ಹೇಳಿ ಬರೆಸಿದರು: 'ಆಳು ಬದಲಾದರೂ ಮನೆತನ ಉಳಿದಿರುತ್ತದೆ, ಆದ್ದರಿಂದ ವಿಚಾರಿಸಬೇಕಾದದ್ದು ಮನೆತನವನ್ನು.'

ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಸಾಲಿನಲ್ಲಿ ನಾನು ಪುಸ್ತಕ ನೋಡಿ ಐದು ಸೆಕೆಂಡು ಹಾಕಿದ್ದೆ. ಯಾಕೆ ಐದು ಎಂದು ನನಗೂ ಗೊತ್ತಿರಲಿಲ್ಲ. ಸಾಬರು ನಕ್ಕರು. "ಸೆಕೆಂಡಿನ ವಿಷಯ ನನ್ನ ಕೇಳಮ್ಮಾ. ಅಂಗಡಿಗೆ ಬಂದವರನ್ನ 'ವಾಚು ಯಾವಾಗಿಂದ ನಿಂತಿದೆ' ಅಂತ ಕೇಳ್ತೀನಿ. ಗೊತ್ತಿದ್ದೋರು ಐದು ಸೆಕೆಂಡಲ್ಲಿ ಹೇಳ್ತಾರೆ. ಗೊತ್ತಿಲ್ದೋರು ಅರ್ಧ ಗಂಟೆ ಮಾತಾಡಿದ್ರೂ ಹೇಳಲ್ಲ." ಅದನ್ನೇ ಬರೆದೆ.

"ಆಸ್ಪತ್ರೆಗೆ ಒಂದೇ ಸರ್ವರ್ ತಾನೇ?" ಅವರು ಕೇಳಿದರು.

"ಎರಡು ಮೂರು ಇರಬಹುದು ಸಾಬರೇ. ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿರ್ತಾರೆ. ಸಣ್ಣ ಸಂಖ್ಯೆಯದನ್ನ ಮೊದಲು ಕೇಳಬೇಕು. ಅದು ಇಲ್ಲ ಅಂದ್ರೆ ಮುಂದಿನದು."

"ಹಂಗನ್ನು! ನಾನು ನಮಾಜಿಗೆ ಹೋದಾಗ ವಾಚನ್ನ ಬಳೆ ಅಂಗಡೀಲಿ ಕೊಡಿ, ಅದು ಮುಚ್ಚಿದ್ರೆ ಟೀಚರಮ್ಮನ ಮನೇಲಿ ಕೊಡಿ ಅಂತ ಬೋರ್ಡು ಹಾಕಿದೀನಲ್ಲ, ಅದೇ." ಆ ಸಾಲಿನ ಟಿಪ್ಪಣಿಯೂ ಅಲ್ಲಿಗೆ ಮುಗಿಯಿತು.

ಏನೂ ಸಿಗದಿದ್ದರೆ 'ಸಿಗಲಿಲ್ಲ' ಎಂದು ತೋರಿಸುವ ಕೊನೆಯ ಸಾಲಿಗೆ ಟೀಚರ್ ಯೋಚಿಸಲೇ ಇಲ್ಲ. "ಕಾದು ಕೂತೋರಿಗೆ ಇಲ್ಲ ಅನ್ನೋದನ್ನಾದ್ರೂ ಹೇಳಬೇಕು. ಸುಮ್ಮನಿರೋದು ಮರ್ಯಾದೆ ಅಲ್ಲ." ತಲೆ ಬಗ್ಗಿಸಿ ಆ ಮಾತನ್ನೂ ಹಾಗೇ ಬರೆದೆ.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಐವತ್ತೆರಡೂ ಸಾಲಿಗೆ ಕಾರಣ ತುಂಬಿ ಓಡಿಸಿದೆವು. ಹೆಸರು ಕೊಟ್ಟವರಲ್ಲಿ ಹದಿನೈದಿಪ್ಪತ್ತು ಜನ ಆಗಲೇ ಬಂದು ಜಗಲಿಯಲ್ಲಿ, ಮೆಟ್ಟಿಲ ಮೇಲೆ ಕೂತಿದ್ದರು. ಹಾಲಪ್ಪನವರು ನನ್ನ ಕುರ್ಚಿಯ ಹಿಂದೆ ನಿಂತು ಸಾಲು ದಾಟಿದ ಹಾಗೆಲ್ಲ ಎಣಿಸುತ್ತಿದ್ದರು. ಮೂವತ್ತಾರು, ಮೂವತ್ತೇಳು, ಮೂವತ್ತೆಂಟು. ಅಲ್ಲಿ ನಿಂತಿತು. ಅದು ದಾಖಲೆಯನ್ನು ಕೇಳುವ ಸಾಲು. ಮಿಕ್ಕಿದ್ದೆಲ್ಲ ಆ ಒಂದು ಸಾಲಿಗಾಗಿಯೇ ಇದ್ದದ್ದು. ಅದಕ್ಕೆ ನಾನು 'ಆಸ್ಪತ್ರೆಯವರು ಸರ್ವರ್ ಬದಲಾಯಿಸಿರುವುದರಿಂದ' ಎಂದು ಬರೆದಿದ್ದೆ. ಸುಳ್ಳಲ್ಲ. ಆದರೂ ಯಂತ್ರ ಮಿಸುಕಲಿಲ್ಲ.

'ನಲವತ್ತೊಂದು ಜನರ ಕಣ್ಣಿಗಾಗಿ' ಎಂದು ಬದಲಾಯಿಸಿದೆ. ಕರ್ಸರ್ ಮಿಟುಕುತ್ತ ಕೂತಿತು.

"ನಂದು ಹಾಕು" ಅಂದರು ಸಾಬರು. "ಸಾಸಿವೆಯಷ್ಟು ಸ್ಕ್ರೂ ಕಾಣಲಿ ಅಂತ ಬರಿ." ಬರೆದೆ. ಇಲ್ಲ. ಟೀಚರ್, "ನನಗೆ ನಾನೇ ಓದಿಕೊಳ್ಳಬೇಕು ಅಂತ ಬರಿ. ಪಕ್ಕದ ಮನೆಯೋಳು ಪೇಪರ್ ಓದಿ ಹೇಳ್ತಾಳೆ ಪಾಪ, ಅಲ್ಪಪ್ರಾಣ ಮಹಾಪ್ರಾಣ ಎಲ್ಲಾ ಒಂದೇ ಮಾಡಿ ನನ್ನ ಪ್ರಾಣ ತೆಗೀತಾಳೆ" ಅಂದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅದನ್ನೂ ಬರೆದೆ. ಇಲ್ಲ. ಆಮೇಲೆ ಜಗಲಿಯಿಂದ ಒಬ್ಬೊಬ್ಬರಾಗಿ ಕಾರಣ ಕೂಗತೊಡಗಿದರು. ಮೊಮ್ಮಗಳ ಮುಖ ಅಂದವರೊಬ್ಬರು, ಅಕ್ಕಿಯಲ್ಲಿನ ಕಲ್ಲು ಅಂದವರೊಬ್ಬರು, ಕೇರಂ ಆಟದಲ್ಲಿ ಎದುರಿನವನ ಮೋಸ ಹಿಡಿಯಬೇಕು ಅಂದವರೊಬ್ಬರು. ಒಂದಕ್ಕಿಂತ ಒಂದು ನಿಜ. ಎಲ್ಲವನ್ನೂ ಬರೆದು ಅಳಿಸಿ ಮೂರೂಕಾಲು ಗಂಟೆಯಾಯಿತು.

ಹಾಲಪ್ಪನವರು ಬೆವರು ಒರೆಸಿಕೊಂಡರು. "ಇಷ್ಟು ಜನ ಎದೆ ಬಿಚ್ಚಿ ಹೇಳಿದ್ರೂ ಕೇಳಲ್ಲ ಅಂದ್ರೆ, ಇದೇ ಕೆಟ್ಟಿರಬೇಕು."

"ಕೆಟ್ಟಿಲ್ಲ ಹಾಲಪ್ಪ" ಅಂದರು ಟೀಚರ್ ಮೆಲ್ಲಗೆ. ನನ್ನ ದನಿ ಬರುತ್ತಿದ್ದ ಕಡೆಗೆ ಮುಖ ತಿರುಗಿಸಿದರು. "ಅದು ನಮ್ಮ ಕಾರಣ ಕೇಳ್ತಿಲ್ಲ. ಬರೆಯೋಳ ಕಾರಣ ಕೇಳ್ತಿದೆ. ನೀನು ಯಾಕೆ ಬರೀತಿದೀಯೇ, ಕಾತ್ಯಾಯಿನಿ?"

ಆ ಕ್ಷಣ ನನಗೆ ಕಂಪ್ಯೂಟರಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹನ್ನೊಂದು ವರ್ಷದ ಮಾನ ಒಂದು ಬುಟ್ಟಿ ಮಾವಿನಕಾಯಿಯ ಪಾಲಾಗುವುದೇ ಎಂದು ಅಳು ಬರುವಂತಾಯಿತು. ಎದ್ದು ಹೋಗಿ 'ಸಿಗಲಿಲ್ಲ' ಎಂದು ಹೇಳಿಬಿಟ್ಟರೆ ಯಾರಿಗೂ ತಿಳಿಯುವಂತಿರಲಿಲ್ಲ. ಮುಂದಿನ ಬಸ್ಸು ಎರಡು ವರ್ಷಕ್ಕೆ. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬರು ಎದ್ದು, ಗೋಡೆ ಎಲ್ಲಿದೆಯೆಂದು ಕೈಯಿಂದ ತಡಕುತ್ತ ನೀರಿನ ಹೂಜಿಯ ಕಡೆ ನಡೆಯುತ್ತಿದ್ದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಆಮೇಲೆ ಟೈಪ್ ಮಾಡಲು ಶುರುಮಾಡಿದೆ.

"ಏನು ಬರೀತಿದಾಳೆ? ಓದು ಹಾಲಪ್ಪ" ಅಂದರು ಟೀಚರ್.

ಹಾಲಪ್ಪನವರು ಎಂದಿನ ಭಾಷಣದ ದನಿಯಲ್ಲಿ ಶುರು ಮಾಡಿದರು: "'ಸರ್ವರ್ ಬದಲಾಗಿದೆ ಎಂದು ಆಸ್ಪತ್ರೆಯವರು ಎರಡು ತಿಂಗಳ ಹಿಂದೆಯೇ ತಿಳಿಸಿದ್ದರು. ನಾನು ಅದನ್ನು ಓದದೆ ಅಳಿಸಿದೆ.'" ಅವರ ದನಿ ಅರ್ಧಕ್ಕೆ ಇಳಿಯಿತು. "'ಇದು ಆದದ್ದು ನನ್ನ ಅಲಕ್ಷದಿಂದ. ಯಾರಿಗೂ ಗೊತ್ತಾಗುವ ಮೊದಲು ಸರಿಪಡಿಸಿ, ಒಳ್ಳೆಯವಳು ಅನ್ನಿಸಿಕೊಂಡೇ ಇರಬೇಕೆಂದು ಈ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ.'"

ಜಗಲಿಯಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ನಾನು ಎಂಟರ್ ಒತ್ತಿದೆ. ಮೂವತ್ತೆಂಟು ದಾಟಿತು. ಮೂವತ್ತೊಂಬತ್ತು, ನಲವತ್ತು, ನೀರು ಹರಿದ ಹಾಗೆ ಐವತ್ತೆರಡರವರೆಗೂ ಓಡಿತು. ಪರದೆಯ ಮೇಲೆ ಎರಡು ಹೆಸರು ಮೂಡಿದವು. ಒಂದರ ಮುಂದೆ ಹತ್ತು, ಇನ್ನೊಂದರ ಮುಂದೆ ಇಪ್ಪತ್ತು.

ಹತ್ತರದಕ್ಕೆ ಪಟ್ಟಿ ಕಳಿಸಿದೆ. ಐದು ಸೆಕೆಂಡಾದರೂ ಉತ್ತರ ಬರಲಿಲ್ಲ. "ಅಂಗಡಿ ಮುಚ್ಚಿದೆ" ಎಂದು ಪಿಸುಗುಟ್ಟಿದರು ಸಾಬರು. "ಟೀಚರಮ್ಮನ ಮನೆಗೆ ಹೋಗು." ಇಪ್ಪತ್ತರದಕ್ಕೆ ಕಳಿಸಿದೆ. ಮೂರು ಗಂಟೆ ನಲವತ್ತೊಂದು ನಿಮಿಷಕ್ಕೆ, 'ತಲುಪಿದೆ' ಎಂದು ತೋರಿಸಿತು. ಹತ್ತು ನಿಮಿಷಕ್ಕೆ ಆಸ್ಪತ್ರೆಯಿಂದ ಯಾರೋ ಪುಣ್ಯಾತ್ಮರು ಒಂದೇ ಸಾಲು ಬರೆದರು: 'ಪಟ್ಟಿ ಸಿಕ್ಕಿತು. ಬುಧವಾರ ಬಸ್ಸು ಬರುತ್ತದೆ.'

ಅದನ್ನು ಓದಿ ಹೇಳಿ, ಮುಖ ಎತ್ತದೆ ಕೂತೆ. ಖುಷಿಪಡುವುದೋ ಬಯ್ಯುವುದೋ ಎಂದು ಜನಕ್ಕೂ ತಿಳಿದಂತಿರಲಿಲ್ಲ. ಆಗ ಮಹಬೂಬ್ ಸಾಬರು ಗಂಟಲು ಸರಿಮಾಡಿಕೊಂಡರು.

"ಹೇಳೋದು ಅಂತ ಆದಮೇಲೆ ನಂದೂ ಒಂದಿದೆ. ಎಂಟು ತಿಂಗಳಿಂದ ಒಬ್ಬರ ವಾಚು ನನ್ನತ್ರ ಇದೆ. ಸ್ಪ್ರಿಂಗ್ ಬಂದಿಲ್ಲ, ನಾಳೆ ಬಾ, ನಾಡಿದ್ದು ಬಾ ಅಂತಿದೀನಿ. ಸ್ಪ್ರಿಂಗ್ ಅಲ್ಲ, ವಾಚೇ ಎಲ್ಲಿಟ್ಟೆನೋ ಕಾಣ್ತಿಲ್ಲ."

"ಸಾಬರೇ!" ಹಾಲಪ್ಪನವರು ಕುರ್ಚಿ ಹಿಡಿದುಕೊಂಡರು. "ಅದು ನನ್ನ ವಾಚು! ನಮ್ಮ ಮಾವನವರು ಮದುವೇಲಿ ಕೊಟ್ಟಿದ್ದು!"

"ಅದಕ್ಕೇ ಹೇಳ್ತಿದೀನಿ ಹಾಲಪ್ಪನೋರೇ, ಕಣ್ಣು ಬರಲಿ, ಮೊದಲು ಅದನ್ನೇ ಹುಡುಕ್ತೀನಿ."

ಜಗಲಿಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವರು ಇಂದುಮತಿ ಟೀಚರ್. ಆಮೇಲೆ ಎಲ್ಲರೂ ನಕ್ಕರು. ಹಾಲಪ್ಪನವರು ಕೊನೆಗೆ ನಕ್ಕರು, ಮನಸ್ಸಿಲ್ಲದ ಮನಸ್ಸಿನಿಂದ. ನನಗೆ ಯಾರೂ ಬಯ್ಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾಕೆ ಓದಲಿಲ್ಲ ಎಂದು ಕೇಳಿದ್ದಕ್ಕೆ ಮಾವಿನಕಾಯಿಯ ವಿಷಯವನ್ನೂ ಹೇಳಿದೆ, ಕೇರಂ ಆಡುವವರು ಚೆನ್ನಾಗಿಯೇ ಬೈದರು. ಬೈದು ಮುಗಿಸಿ, ಮನೆಗೆ ಹೋಗುವ ಮುನ್ನ, ಆ ಉಪ್ಪಿನಕಾಯಿ ಹೇಗಾಯಿತು ಎಂದು ಕೇಳಿದರು. ಚೆನ್ನಾಗಿಯೇ ಆಗಿದೆ ಎಂದೆ. ಮರುದಿನ ಒಂದು ಸಣ್ಣ ಜಾಡಿಯಲ್ಲಿ ತಂದುಕೊಟ್ಟೆ.

ಬುಧವಾರ ಬಸ್ಸು ಊರಿನ ಗಡಿಯಲ್ಲಿ ನಿಂತುಬಿಟ್ಟಿತು. ಡ್ರೈವರ್ ಇಳಿದು ಎಂಜಿನ್ ಬಿಚ್ಚಲು ಶುರು ಮಾಡಿದ್ದನಂತೆ. ನಾನೂ ಹಾಲಪ್ಪನವರೂ ಓಡಿಹೋಗಿ, ಯಾಕೆ ಬಂದಿದೀಯ ಅಂತ ಅದಕ್ಕೆ ಹೇಳಪ್ಪಾ ಎಂದೆವು. ಅವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಸ್ಟೇರಿಂಗ್ ಮುಂದೆ ಕೂತು, "ಡ್ಯೂಟಿ ಹಾಕಿದ್ದಾರೆ, ಬಂದಿದೀನಿ" ಅಂದ. ಬಸ್ಸು ಗೊಣಗದೆ ಹೊರಟಿತು. ಮೂರು ದಿನ ಸಂಘದ ಅಂಗಳದಲ್ಲಿತ್ತು. ನಲವತ್ತೊಂದು ಜನರಲ್ಲಿ ಇಬ್ಬರಿಗೆ ಸಕ್ಕರೆ ಹೆಚ್ಚಿದೆಯೆಂದು ಮುಂದಕ್ಕೆ ಹಾಕಿದರು, ಮಿಕ್ಕವರಿಗೆಲ್ಲ ಆಯಿತು. ಪಟ್ಟಿ ಕಟ್ಟಿದ ಕಣ್ಣುಗಳ ಮೆರವಣಿಗೆ ನೋಡಲು ಊರಿಗೆ ಊರೇ ಬಂದಿತ್ತು.

ಹತ್ತು ದಿನ ಕಳೆದಿರಬೇಕು. ಇಂದುಮತಿ ಟೀಚರ್ ಕಪ್ಪು ಕನ್ನಡಕ ಹಾಕಿಕೊಂಡು ಒಬ್ಬರೇ ನಡೆದು ಬಂದರು. ನನ್ನನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ಕೂತರು.

"ಆ ಸ್ಕ್ರಿಪ್ಟ್ ತೆಗಿ."

"ಒಂದು ತಿಂಗಳು ಹೆಚ್ಚು ಓದಬಾರದು ಅಂದಿದಾರೆ ಟೀಚರ್."

"ಐವತ್ತೆರಡು ಸಾಲು ಹೆಚ್ಚೇನೇ? ತೆಗಿ."

ತೆಗೆದೆ. ಟೀಚರ್ ಕನ್ನಡಕವನ್ನು ಹಣೆಗೇರಿಸಿ, ಬೆರಳನ್ನು ಪರದೆಗೆ ತಾಗಿಸಿಕೊಂಡು ಮೊದಲನೆಯ ಸಾಲಿನಿಂದ ಓದಿದರು. ತಮ್ಮ ಮಾತು ಬಂದಲ್ಲಿ ಹುಂ ಅಂದರು, ಸಾಬರ ಮಾತು ಬಂದಲ್ಲಿ ನಕ್ಕರು. ಮೂವತ್ತೆಂಟನೆಯ ಸಾಲು ಬಂದಾಗ ನಾನು ಕಿಟಕಿಯ ಕಡೆ ಮುಖ ಮಾಡಿದೆ. ಅವರ ಬೆರಳು ಅಲ್ಲೇ ನಿಂತಿತ್ತು.

"ಇಲ್ಲಿ ನೋಡೇ. ಅಲಕ್ಷ ಅಲ್ಲ, ಅಲಕ್ಷ್ಯ. ಯ ಒತ್ತು ಎಲ್ಲಿ ಹೋಯ್ತು? ಒಪ್ಪಿಕೊಳ್ಳೋದನ್ನಾದ್ರೂ ಸರಿಯಾಗಿ ಬರಿ."

ಬಗ್ಗಿ ತಿದ್ದಿದೆ. ತಿದ್ದಿದ್ದಕ್ಕೆ ಕಾರಣ ಕೇಳಿತು ಯಂತ್ರ. 'ಕಾಗುಣಿತ ತಪ್ಪಿತ್ತು' ಎಂದು ಬರೆದೆ. ಮಿಸುಕಲಿಲ್ಲ. ನಿಜ ತಾನೆ, ಆ ತಪ್ಪು ಅಲ್ಲಿ ಅಷ್ಟು ದಿನವೂ ಇತ್ತು, ನನಗೆ ತಿದ್ದಬೇಕು ಅನ್ನಿಸಿರಲಿಲ್ಲ. ಒಂದು ಗಳಿಗೆ ಯೋಚಿಸಿ, ಅದನ್ನು ಅಳಿಸಿ, 'ಇಂದುಮತಿ ಟೀಚರಿಗೆ ಈಗ ಕಣ್ಣು ಕಾಣುತ್ತಿದೆ' ಎಂದು ಬರೆದೆ.

ಎಂಟರ್‌ನಿಂದ ಕೈ ತೆಗೆಯುವ ಮೊದಲೇ ಯಂತ್ರ ಒಪ್ಪಿಕೊಂಡಿತು.

ಟೀಚರ್ ಆ ಸಾಲನ್ನೂ ಓದಿದರು. ಸೆರಗಿನ ತುದಿಯಿಂದ ಕಣ್ಣಂಚನ್ನು ಹುಷಾರಾಗಿ ಒತ್ತಿಕೊಂಡು, "ಔಷಧಿ ಉರೀತದೆ" ಅಂದರು. "ಮುಂದಿನದು ತೋರಿಸು."